ಅಟ್ಟದ ಮೇಲಿನ ಪಿಸ್ತೂಲು

ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿ ಒಂದು ಮನೆ. ಆ ಮನೆಗೊಂದು ಅಟ್ಟ. ಅಟ್ಟದ ಮೇಲೆ ಹಳೇ ನ್ಯೂಸ್‌ಪೇಪರ್‌ನಲ್ಲಿ ಸುತ್ತಿಟ್ಟ ಒಂದಷ್ಟು ಸಾಮಾನು. ಬಿಚ್ಚಿ ನೋಡಿದರೆ ಕತ್ತಿಗಳು, ಬೆಳ್ಳಿ ಕೆಲಸ ಮಾಡಿದ ಒಂದು ಚಕಮಕಿ ಕೋವಿ, ಅದರ ಬಯೊನೆಟ್. ಎಲ್ಲಿಂದ ಬಂದಿದ್ದು? ನಮ್ಮ ಶ್ರೀರಂಗಪಟ್ಟಣದಿಂದ! 1799ರಲ್ಲಿ ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಎಂಬಾತ ತಗೊಂಡು ಹೋಗಿದ್ದ ಸಾಮಾನು. 2019ರ ಮಾರ್ಚ್‌ನಲ್ಲಿ ಹರಾಜಾಯಿತು. ಕೋವಿ ಮತ್ತು ಬಯೊನೆಟ್ಟಿಗೇ 60,000 ಪೌಂಡ್, ಅಂದರೆ 50 ಲಕ್ಷ ರೂಪಾಯಿಗೂ ಮೇಲೆ. ಎಲ್ಲಾ ಸೇರಿ ಹತ್ತಿರ ಹತ್ತಿರ ಒಂದು ಕೋಟಿ.

ಈ ಸುದ್ದಿ ಓದಿದ ದಿನ ನನಗೆ ತಲೆಗೆ ಬಂದಿದ್ದು ಬರ್ಕ್‌ಷೈರ್ ಅಲ್ಲ, ಶಿರಸಿ. ಯಾಕೆ ಗೊತ್ತಾ? ಅಟ್ಟ ಅಂದರೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿರೋ ಅಟ್ಟ. ತಾಮ್ರದ ಹಂಡೆ, ತಾಳೆಗರಿ ಕಟ್ಟು, ಮುತ್ತಜ್ಜನ ಪೆಟಾರಿ, ಮುರಿದ ತೊಟ್ಟಿಲು, ಎಲ್ಲಾ ಅಲ್ಲೇ. ಅಂಥ ಅಟ್ಟದ ಮೇಲೆ ತುಕ್ಕು ಹಿಡಿದ, ಹಿಡಿಯಲ್ಲಿ ಹಿತ್ತಾಳೆ ಇರುವ, ಕಲ್ಲು ಕಚ್ಚಿಸುವ ಕುದುರೆ ಇರುವ ಒಂದು ಹಳೇ ಯುರೋಪಿನ ಪಿಸ್ತೂಲು ಸಿಕ್ಕಿದರೆ ಮನೆಯವರು ಏನು ಮಾಡಬಹುದು? ಹರಾಜಿಗೆ ಫೋನ್ ಮಾಡ್ತಾರಾ? ಮ್ಯೂಸಿಯಮ್ಮಿಗೆ ಹೇಳ್ತಾರಾ? ನನ್ನನ್ನು ಕೇಳಿದರೆ ಮೊದಲು ಬಾಗಿಲು ಹಾಕ್ತಾರೆ! ಆಮೇಲೆ ಪಿಸುಮಾತಲ್ಲಿ ಚರ್ಚೆ. ಪೊಲೀಸಿಗೆ ಗೊತ್ತಾದರೆ? ಲೈಸೆನ್ಸ್ ಕೇಳಿದರೆ? ಅಜ್ಜ ಸತ್ತು 40 ವರ್ಷ ಆಯ್ತು, ಯಾರನ್ನ ಕೇಳೋದು? ಸುಮ್ಮನೆ ಯಾಕೆ ತಾಪತ್ರಯ, ಹಾಳು ಬಾವಿಗೆ ಹಾಕಿಬಿಡು.

ಒಂದೇ ವಸ್ತು. ಒಂದೇ ಕಾಲದ್ದು. ಬರ್ಕ್‌ಷೈರ್ ಅಟ್ಟದಲ್ಲಿದ್ದರೆ ಪರಂಪರೆ, ಶಿರಸಿ ಅಟ್ಟದಲ್ಲಿದ್ದರೆ ಕೇಸು. ಈ ವ್ಯತ್ಯಾಸ ಹೇಗೆ ಹುಟ್ಟಿತು ಅನ್ನೋದೇ ಇವತ್ತಿನ ವಿಷಯ.

ಮೊದಲು ಆ ವಸ್ತು ಏನು ಅಂತ ನೋಡೋಣ. ನಮ್ಮ ಮಲೆನಾಡಿನಲ್ಲಿ ಇವತ್ತಿಗೂ ಜನ ಕೇಪಿನ ಕೋವಿ ಅಂತಾರೆ. ದೀಪಾವಳಿಗೆ ಮಕ್ಕಳು ಆಟದ ಪಿಸ್ತೂಲಿಗೆ ಹಾಕಿ ಪಟ್ ಅನ್ನಿಸುವುದೂ ಕೇಪೇ. ಈ ಕೇಪು ಅನ್ನೋದು ಇಂಗ್ಲಿಷಿನ ಕ್ಯಾಪ್. ಬಡಿದರೆ ಸಿಡಿಯುವ ರಾಸಾಯನಿಕ ತುಂಬಿದ ಪುಟ್ಟ ತಾಮ್ರದ ಟೋಪಿ. ಆದರೆ ಕೇಪು ಬಂದಿದ್ದು 1820ರ ದಶಕದಲ್ಲಿ. ಅದಕ್ಕಿಂತ ಮೊದಲು ಸುಮಾರು ಇನ್ನೂರು ವರ್ಷ ಜಗತ್ತನ್ನು ಆಳಿದ್ದು ಚಕಮಕಿ ಕಲ್ಲು. ಫ್ಲಿಂಟ್‌ಲಾಕ್ ಅಂತಾರಲ್ಲ, ಅದು. 17ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪ ಪಡೆದ ಯಂತ್ರ.

ನಾನು ಇಂಜಿನಿಯರಿಂಗ್ ಓದಿದವನು, ಹಾಗಾಗಿ ಎರಡು ನಿಮಿಷ ಸಹಿಸಿಕೊಳ್ಳಿ. ಕೋವಿಯ ಕುದುರೆಯ ಬಾಯಲ್ಲಿ ಒಂದು ಚೂಪಾದ ಕಲ್ಲು. ಅದರ ಎದುರಿಗೆ ಉಕ್ಕಿನ ಒಂದು ತಗಡು. ತಗಡಿನ ಕೆಳಗೆ ಪುಟ್ಟ ಬಟ್ಟಲು, ಅದರಲ್ಲಿ ಚಿಟಿಕೆ ನಯವಾದ ಮದ್ದು. ಇದಕ್ಕೆ ರಂಜಕ ಅಂತ ಹೆಸರು. ಕುದುರೆ ಬಿದ್ದಾಗ ಕಲ್ಲು ಉಕ್ಕನ್ನು ಕೆರೆಯುತ್ತೆ, ತಗಡು ಹಿಂದಕ್ಕೆ ಸರಿದು ಬಟ್ಟಲು ತೆರೆಯುತ್ತೆ, ಕಿಡಿ ರಂಜಕದ ಮೇಲೆ ಬೀಳುತ್ತೆ. ಆ ಬೆಂಕಿ ನಳಿಗೆಯ ಪಕ್ಕದ ಸಣ್ಣ ಕಿವಿಯಿಂದ ಒಳಗೆ ಹೋಗಿ ದೊಡ್ಡ ಮದ್ದನ್ನು ಹೊತ್ತಿಸುತ್ತೆ. ಆಗ ಢಂ! ಎಲ್ಲರೂ ಕಲ್ಲಿನಿಂದ ಕಿಡಿ ಬರುತ್ತೆ ಅಂದ್ಕೊಂಡಿದ್ದಾರೆ. ಅಲ್ಲ. ಕಲ್ಲು ಕೆರೆದು ತೆಗೆದ ಉಕ್ಕಿನ ಸಣ್ಣ ಚೂರುಗಳು ಗಾಳಿಯಲ್ಲಿ ಉರಿಯುತ್ತವೆ, ಅದೇ ಕಿಡಿ. ಹಾಗಾಗಿ ಕಲ್ಲಿಗಿಂತ ಮುಖ್ಯ ಆ ಉಕ್ಕು. ತಗಡು ಗಡುಸಾಗಿರಬೇಕು, ಸ್ಪ್ರಿಂಗು ಬಾಗಬೇಕು ಆದರೆ ಮುರಿಯಬಾರದು. ಒಂದೇ ಯಂತ್ರದಲ್ಲಿ ಎರಡು ಥರದ ಉಕ್ಕು, ಎರಡಕ್ಕೂ ಬೇರೆ ಬೇರೆ ಹದ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕಮ್ಮಾರ ಕಾದ ಕಬ್ಬಿಣದ ಬಣ್ಣ ನೋಡಿ ಹದ ಹಿಡಿಯುತ್ತಿದ್ದ. ನಾವು ನಾಲ್ಕು ವರ್ಷ ಓದಿದ್ದನ್ನು ಅವನು ಕಣ್ಣಲ್ಲೇ ಮಾಡಿ ಮುಗಿಸಿದ್ದ.

ಇಷ್ಟೆಲ್ಲಾ ಮಾಡಿದರೂ ಒಂದು ಸಲ ಒಂದೇ ಗುಂಡು. ಪಿಸ್ತೂಲಾದರೆ ಹತ್ತು ಹದಿನೈದು ಹೆಜ್ಜೆ ದಾಟಿದರೆ ಗುರಿ ದೇವರೇ ಬಲ್ಲ. ಒಂದು ಕಲ್ಲು ಇಪ್ಪತ್ತು ಮೂವತ್ತು ಸಲ ಹೊಡೆಯುವಷ್ಟರಲ್ಲಿ ಸವೆದು ಹೋಗುತ್ತೆ. ಬಟ್ಟಲಿನ ರಂಜಕ ಮಾತ್ರ ಭಗ್ ಅಂದು ಒಳಗಿನ ಮದ್ದು ಹೊತ್ತದೇ ಇದ್ದರೆ ಅದಕ್ಕೆ ಇಂಗ್ಲಿಷಿನಲ್ಲಿ 'ಫ್ಲ್ಯಾಶ್ ಇನ್ ದ ಪ್ಯಾನ್' ಅಂತಾರೆ. ಇವತ್ತು ನಾವು ಸ್ಟುಡಿಯೋದಲ್ಲಿ ಕೂತು ರಾಜಕಾರಣಿಗಳ ಬಗ್ಗೆ ಬಳಸುವ ಮಾತು. 'ಲಾಕ್, ಸ್ಟಾಕ್ ಅಂಡ್ ಬ್ಯಾರೆಲ್' ಅನ್ನುವುದೂ ಈ ಕೋವಿಯದ್ದೇ ಮೂರು ಭಾಗ: ಕುದುರೆ ಇರುವ ಯಂತ್ರ, ಮರದ ಹಿಡಿ, ಕಬ್ಬಿಣದ ನಳಿಗೆ.

ಇನ್ನು ಮಳೆ. ಚಕಮಕಿಯ ದೊಡ್ಡ ಶತ್ರು ನೀರು. 1780ರ ಆಗಸ್ಟ್ 17ರಂದು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮತ್ತು ಅವನ ಕೌನ್ಸಿಲ್‌ನ ಸದಸ್ಯ ಫಿಲಿಪ್ ಫ್ರಾನ್ಸಿಸ್ ಪರಸ್ಪರ ಪಿಸ್ತೂಲು ಹಿಡಿದು ದ್ವಂದ್ವಕ್ಕೆ ನಿಂತರು. ಹೌದು, ದೇಶ ಆಳುವವರೇ! ಫ್ರಾನ್ಸಿಸ್ ಕುದುರೆ ಒತ್ತಿದ, ಕೋವಿ ಸಿಡಿಯಲಿಲ್ಲ. ಮದ್ದು ತೇವ. ಬೇರೆ ಮದ್ದು ಹಾಕಿಕೊಟ್ಟು ಮತ್ತೆ ಶುರು ಮಾಡಿದರು, ಕೊನೆಗೆ ಗುಂಡು ತಿಂದವನೂ ಫ್ರಾನ್ಸಿಸನೇ, ಆದರೆ ಬದುಕಿಕೊಂಡ. ಕಲ್ಕತ್ತೆಯ ಶ್ರಾವಣದಲ್ಲೇ ಹೀಗಾದರೆ ಘಟ್ಟದ ಮೇಲಿನ ಆಷಾಢವನ್ನು ಯೋಚಿಸಿ. ಉಪ್ಪಿನ ಭರಣಿಯಲ್ಲಿ ನೀರೊಡೆಯುವ, ಒಲೆಯ ಮೇಲೆ ಅಟ್ಟಣಿಗೆ ಕಟ್ಟಿ ಸೌದೆ ಒಣಗಿಸುವ ಊರು ನಮ್ಮದು. ನಾಲ್ಕು ತಿಂಗಳು ಚಕಮಕಿ ಪಿಸ್ತೂಲು ಗೋಡೆಯ ಮೇಲಿನ ಗೂಟಕ್ಕೆ ಅಲಂಕಾರ, ಅಷ್ಟೇ.

ಸರಿ, ಅಷ್ಟು ದೂರದ ಯಂತ್ರ ಈ ಕಾಡಿಗೆ ಯಾಕೆ ಬಂತು? ಉತ್ತರ ನಿಮ್ಮ ಅಡಿಗೆ ಮನೆಯಲ್ಲಿದೆ. ಕಾಳುಮೆಣಸು.

ಸೋಂದೆ ಸೀಮೆಯ ಮೆಣಸಿಗೆ ಯುರೋಪಿನ ವ್ಯಾಪಾರಿಗಳು ಪ್ರಾಣ ಬಿಡುತ್ತಿದ್ದರು. ಗೋವೆಯಲ್ಲಿ ಪೋರ್ಚುಗೀಸರು ಕೂತಿದ್ದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಕರೆದಿದ್ದೇ ಮೆಣಸಿನ ರಾಣಿ ಅಂತ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದರು. ಶಿರಸಿಯ ಪಕ್ಕದ ಸೋಂದೆಯಲ್ಲಿ ಅರಸಪ್ಪ ನಾಯಕನ ವಂಶ ಆಳುತ್ತಿತ್ತು. ಮೆಣಸು ಘಟ್ಟ ಇಳಿದು ಹೋಗಬೇಕು, ಬದಲಿಗೆ ಹಣ, ತಾಮ್ರ, ಕುದುರೆ, ಆಯುಧ ಘಟ್ಟ ಹತ್ತಬೇಕು. ಕರಾವಳಿಯ ವ್ಯಾಪಾರ ಅಂದರೆ ಇದೇ. ಸೋಂದೆಗೆ ಹೋದಾಗ ವಾದಿರಾಜರ ಮಠ ನೋಡಿ ಊಟ ಮಾಡಿ ವಾಪಸ್ ಬರುವವರು ದಯವಿಟ್ಟು ಕೋಟೆಗೂ ಹೋಗಿ. ಅಲ್ಲಿ ಹಳೆಯ ಫಿರಂಗಿಗಳು ಇವತ್ತಿಗೂ ಇವೆ. ಮಂತ್ರ ಮತ್ತು ಮದ್ದು ಎರಡೂ ಒಂದೇ ಊರಲ್ಲಿದ್ದವು ಅನ್ನೋದಕ್ಕೆ ಅವೇ ಸಾಕ್ಷಿ.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಅದರ ಬೆನ್ನಿಗೇ ಸೋಂದೆ. ಸೋಂದೆಯ ಕೊನೆಯ ಅರಸು ಗೋವೆಗೆ ಓಡಿಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಅಲ್ಲಿಂದ 1799ರವರೆಗೆ ಈ ಸೀಮೆ ಹೈದರ್, ಟಿಪ್ಪು ಕೈಯಲ್ಲಿ. 1801ರಲ್ಲಿ ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ ಸೋಂದೆ, ಶಿರಸಿ, ಯಲ್ಲಾಪುರದ ದಾರಿಯಲ್ಲೇ ಬಂದ. ಯುದ್ಧಗಳಲ್ಲಿ ಸೋಂದೆ ಪಟ್ಟಣ ಹಾಳುಬಿದ್ದಿದ್ದನ್ನು ಬರೆದಿಟ್ಟ.

ಟಿಪ್ಪು ಹೆಸರು ಬಂದ ಕೂಡಲೇ ನಮ್ಮ ಸ್ಟುಡಿಯೋದಲ್ಲಿ ನಾಲ್ಕು ಜನ ಒಟ್ಟಿಗೆ ಕೂಗೋಕೆ ಶುರು ಮಾಡ್ತಾರೆ. ಇವತ್ತು ಬೇಡ. ಇವತ್ತು ಕಬ್ಬಿಣದ ವಿಷಯ ಮಾತ್ರ ಮಾತಾಡೋಣ. ಕಬ್ಬಿಣಕ್ಕೆ ಪಾರ್ಟಿ ಇಲ್ಲ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋಗಿ ಸೈನ್ಯ ಕೇಳಿದರು, ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದರು. ಸೈನ್ಯ ಸಿಗಲಿಲ್ಲ, ಕೆಲಸಗಾರರು ಸಿಕ್ಕರು. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಯುರೋಪಿನ ಮಾದರಿಯ ಚಕಮಕಿ ಪಿಸ್ತೂಲುಗಳು ತಯಾರಾದವು. ಮೈತುಂಬಾ ಹುಲಿಪಟ್ಟೆ. ಇನ್ನೊಂದು ವಿಶೇಷ ಕೇಳಿ. ಯುರೋಪಿನಲ್ಲಿ ಜೋಡಿ ಪಿಸ್ತೂಲು ಅಂದರೆ ಎರಡಕ್ಕೂ ಯಂತ್ರ ಬಲಗಡೆಗೇ. ಟಿಪ್ಪುವಿನ ಕೆಲವು ಜೋಡಿಗಳಲ್ಲಿ ಒಂದರ ಯಂತ್ರ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ. ಕನ್ನಡಿಯಲ್ಲಿ ನೋಡಿದ ಹಾಗೆ. ಇದನ್ನು ಮಾಡೋದು ಸಾಮಾನ್ಯ ಅಲ್ಲ. ಯಂತ್ರದ ಒಳಗಿನ ಪ್ರತಿಯೊಂದು ಭಾಗವನ್ನೂ ತಿರುಗುಮುರುಗಾಗಿ ಹೊಸದಾಗಿ ಮಾಡಬೇಕು. ನಕಲು ಹೊಡೆಯುವವನು ಈ ಕೆಲಸಕ್ಕೆ ಕೈ ಹಾಕೋದಿಲ್ಲ, ಅರ್ಥ ಮಾಡಿಕೊಂಡವನು ಮಾತ್ರ ಹಾಕ್ತಾನೆ.

ಆ ಪಿಸ್ತೂಲುಗಳು ಈಗ ಎಲ್ಲಿ? ಹೆಚ್ಚಿನವು ಹೊರಗೆ. 1799ರ ಮೇ 4ರ ಲೂಟಿಯ ನಂತರ ಅವು ಬ್ರಿಟನ್ನಿನ ಮನೆಗಳಿಗೆ ಹೋದವು. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ ಜೀವಮಾನವಿಡೀ ಟಿಪ್ಪುವಿನ ಆಯುಧಗಳನ್ನು ಹುಡುಕಿ ಕೂಡಿಹಾಕಿದ, 1992ರಲ್ಲಿ ಅವುಗಳ ಮೇಲೆ ಪುಸ್ತಕವನ್ನೇ ಬರೆದ. ಅವನ ಸಂಗ್ರಹ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್‌ನಲ್ಲಿ ಹರಾಜಾಯಿತು. 30 ವಸ್ತು, 60 ಲಕ್ಷ ಪೌಂಡಿಗೂ ಮೇಲೆ. ನಮ್ಮ ಕಮ್ಮಾರರ ಕೈಗುರುತಿನ ಬಗ್ಗೆ ತಿಳಿಯಬೇಕಾದರೆ ನಾವು ಒಬ್ಬ ಇಂಗ್ಲಿಷ್ ವ್ಯಾಪಾರಿಯ ಪುಸ್ತಕ ಓದಬೇಕು. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಸಂಗ್ರಹಿಸಿದ, ಅಳತೆ ತೆಗೆದ, ಬರೆದಿಟ್ಟ. ನಮ್ಮಲ್ಲಿ ಆ ಕೆಲಸಕ್ಕೆ ಜನ ಯಾಕೆ ಹುಟ್ಟಲಿಲ್ಲ ಅನ್ನೋದು ಪ್ರಶ್ನೆ.

ಇದಕ್ಕೆ ಉತ್ತರ 1857ರಲ್ಲಿದೆ.

ಆ ವರ್ಷ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂತು. ಆಯುಧ ಇದ್ದವರು ದಾಖಲೆ ಮಾಡಿಸಬೇಕು, ಅನುಮತಿ ಪಡೆಯಬೇಕು, ಇಲ್ಲದಿದ್ದರೆ ಒಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡಲ್ಲ ಅಂದರು. ಬೇಟೆ ಅವರ ಬದುಕು, ಆಯುಧ ಅವರ ಮನೆಯ ಮಗ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಮುಧೋಳದಲ್ಲಿ 13, ಹಲಗಲಿಯಲ್ಲಿ 6. ಈ ಕಥೆ ನಮಗೆ ಗೊತ್ತಿರೋದು ಲಾವಣಿಯಿಂದ, ಶಾಲೆಯ ಪಠ್ಯದಿಂದ. ಆದರೆ ಇದನ್ನು ನಾವು ಶೌರ್ಯದ ಕಥೆಯಾಗಿ ಮಾತ್ರ ಓದ್ತೀವಿ. ಇದು ಲೈಸೆನ್ಸಿನ ಕಥೆ ಕೂಡ. ಮನೆಯಲ್ಲಿರುವ ನಿನ್ನದೇ ವಸ್ತುವಿಗೆ ಸರ್ಕಾರದ ಚೀಟಿ ಬೇಕು ಅನ್ನುವ ವಿಚಾರ ಕನ್ನಡ ನಾಡಿಗೆ ಬಂದದ್ದು ಹೀಗೆ, ಗಲ್ಲುಗಂಬದ ಜೊತೆಗೆ.

ಉತ್ತರ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1862ರಲ್ಲಿ ಬೊಂಬಾಯಿಗೆ ಸೇರಿತು. ಪ್ರಾಂತ್ಯ ಬದಲಾದರೇನು, ಭಯ ಒಂದೇ. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದ ಆರ್ಮ್ಸ್ ಆಕ್ಟ್ ಬಂತು. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ! ಅಂದರೆ ಅದೇ ಲಂಡನ್ನಿನಲ್ಲಿ ತಯಾರಾದ ಪಿಸ್ತೂಲು ಕಾರವಾರದ ಬಂಗಲೆಯಲ್ಲಿದ್ದರೆ ಸಾಹೇಬರ ಹವ್ಯಾಸ, ಸಿದ್ದಾಪುರದ ಜಗಲಿಯಲ್ಲಿದ್ದರೆ ಅಪರಾಧ. 1930ರ ಜನವರಿಯಲ್ಲಿ ಗಾಂಧೀಜಿ ಮುಂದಿಟ್ಟ 11 ಬೇಡಿಕೆಗಳನ್ನು ತೆಗೆದು ನೋಡಿ. ಉಪ್ಪಿನ ತೆರಿಗೆ ರದ್ದು ಮಾಡಿ ಅನ್ನೋದು ಎಲ್ಲರಿಗೂ ಗೊತ್ತು. ಅದೇ ಪಟ್ಟಿಯಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಿ ಅಂತಲೂ ಇದೆ. ಹೌದು, ಅಹಿಂಸೆಯ ಗಾಂಧೀಜಿಯೇ! ಅವರಿಗೆ ಕೋವಿಯ ಮೇಲೆ ಪ್ರೀತಿ ಇರಲಿಲ್ಲ. ಒಂದು ಜನಾಂಗವನ್ನು ಅನುಮಾನದಿಂದ ನೋಡುವ ಕಾನೂನಿನ ಮೇಲೆ ಸಿಟ್ಟಿತ್ತು. ಆ ಪಟ್ಟಿಯ ಹಿಂದೆಯೇ ಬಂದ ಚಳವಳಿಯಲ್ಲಿ ಸಿದ್ದಾಪುರ, ಅಂಕೋಲಾದ ರೈತರು ಕರ ನಿರಾಕರಿಸಿ ಜಮೀನು, ದನ, ಪಾತ್ರೆ ಎಲ್ಲಾ ಜಪ್ತಿಯಾದರೂ ಬಗ್ಗಲಿಲ್ಲ. ಆ ಮನೆಗಳೇ ಇವತ್ತಿನ ನಮ್ಮ ಅಟ್ಟದ ಮನೆಗಳು.

ಈ ಮಧ್ಯೆ ಚಕಮಕಿ ತಾನಾಗಿಯೂ ಸಾಯುತ್ತಿತ್ತು. ಕೊಂದವನು ಒಬ್ಬ ಪಾದ್ರಿ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್‌ಗೆ ಹಕ್ಕಿ ಬೇಟೆಯ ಹುಚ್ಚು. ಬಟ್ಟಲಿನಲ್ಲಿ ಭಗ್ ಅನ್ನುವ ಬೆಳಕು ನೋಡಿ ಗುಂಡು ಬರುವ ಮೊದಲೇ ಹಕ್ಕಿ ಹಾರಿಹೋಗುತ್ತಿತ್ತಂತೆ. ಬಡಿದರೆ ಸಿಡಿಯುವ ಮದ್ದು ಬಳಸಿ 1807ರಲ್ಲಿ ಪೇಟೆಂಟ್ ಪಡೆದ. ಅಲ್ಲಿಂದ ಕೇಪು. ಹಳೇ ಚಕಮಕಿ ಕೋವಿಗಳನ್ನು ಎಸೆಯಲಿಲ್ಲ, ಕಲ್ಲು ಕಚ್ಚುವ ಕುದುರೆ ತೆಗೆದು ಕೇಪಿಗೆ ಬಡಿಯುವ ಸುತ್ತಿಗೆ ಕೂರಿಸಿದರು. ಹಾಗಾಗಿ ನಿಮ್ಮ ಮನೆಯ ಕೇಪಿನ ಕೋವಿಯ ಯಂತ್ರದ ತಗಡಿನಲ್ಲಿ ಉಪಯೋಗಕ್ಕಿಲ್ಲದ, ಮುಚ್ಚಿದ ಸಣ್ಣ ತೂತುಗಳು ಕಂಡರೆ ನಿರ್ಲಕ್ಷ್ಯ ಮಾಡಬೇಡಿ. ಅದು ಹಳೆಯ ಜನ್ಮದ ಗುರುತು. ಒಂದು ಕಾಲದಲ್ಲಿ ಅಲ್ಲಿ ಬಟ್ಟಲಿತ್ತು, ಉಕ್ಕಿನ ತಗಡಿಗೆ ಸ್ಪ್ರಿಂಗಿತ್ತು.

ಸ್ವಾತಂತ್ರ್ಯ ಬಂತು. 1959ರಲ್ಲಿ ನಮ್ಮದೇ ಆರ್ಮ್ಸ್ ಆಕ್ಟ್ ಬಂತು. ಬಣ್ಣದ ಭೇದ ಹೋಯಿತು, ಸರಿ. ಚೀಟಿ ಉಳಿಯಿತು. ಕೊಡಗಿನಲ್ಲಿ ಮಾತ್ರ ಬೇರೆ ನ್ಯಾಯ. ಬ್ರಿಟಿಷರು 1861ರಲ್ಲಿ ಕೊಟ್ಟ ವಿನಾಯಿತಿ ಇವತ್ತಿಗೂ ಮುಂದುವರಿದಿದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಬೇಡ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿದಿದೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಬಹಿರಂಗವಾಗಿ ಹೂ ಮುಡಿಸಿ ಪೂಜೆ. ಅಲ್ಲಿನ ಮನೆಗಳಲ್ಲಿ ಹಳೆ ಕೋವಿ ಗೋಡೆಯ ಮೇಲಿದೆ, ಅದು ಯಾರ ಕಾಲದ್ದು ಅಂತ ಮಕ್ಕಳಿಗೂ ಗೊತ್ತಿದೆ. ನಮ್ಮ ಶಿರಸಿ ಕಡೆ? ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವವರೂ ಚುನಾವಣೆ ಬಂತೆಂದರೆ ಕೋವಿ ಹೊತ್ತು ಠಾಣೆಗೆ. ಮಂಗ, ಕಾಡುಹಂದಿಗೆ ನೀತಿಸಂಹಿತೆ ಗೊತ್ತಾ? ತೋಟಕ್ಕೆ ನುಗ್ಗುತ್ತವೆ. ವರ್ಷಕ್ಕೊಂದು ಚುನಾವಣೆ ಬರುವ ರಾಜ್ಯದಲ್ಲಿ ಕೋವಿ ಅಂದರೆ ಜನರಿಗೆ ನೆನಪಾಗುವುದು ಪೊಲೀಸು, ರಸೀದಿ, ಕ್ಯೂ. ಹಾಗಿರುವಾಗ ಅಟ್ಟದ ಮೇಲೆ ಸಿಕ್ಕ ಇನ್ನೂರು ವರ್ಷದ ಪಿಸ್ತೂಲನ್ನು ಯಾರು ಬಾಯಿಬಿಟ್ಟು ಹೇಳ್ತಾರೆ?

ಆದರೆ ವೀಕ್ಷಕರೇ, ಇಲ್ಲೇ ಒಂದು ವಿಷಯ ಇದೆ. ಕಾನೂನು ನಾವು ಅಂದುಕೊಂಡಷ್ಟು ಕಿವುಡಲ್ಲ. 1959ರ ಕಾಯ್ದೆಯ 45ನೇ ಸೆಕ್ಷನ್ ತೆಗೆದು ಓದಿ. ಬಳಕೆ ತಪ್ಪಿದ ಮಾದರಿಯ, ಪ್ರಾಚ್ಯವಸ್ತು ಮೌಲ್ಯದ ಅಥವಾ ಕೆಟ್ಟುಹೋದ, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದ ಆಯುಧಕ್ಕೆ ಈ ಕಾಯ್ದೆ ಅನ್ವಯವಾಗುವುದಿಲ್ಲ ಅಂತ ಅಲ್ಲೇ ಇದೆ. 2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನಿಯಮ ತಿದ್ದಿತು. ಕ್ಯೂರಿಯೊ ವರ್ಗಕ್ಕೆ ಸೇರುವ ಹಳೆಯ ಸಣ್ಣ ಆಯುಧಗಳನ್ನು ಪಡೆಯಲು, ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಬಳಸಬೇಕಾದರೆ, ಹೊತ್ತು ತಿರುಗಬೇಕಾದರೆ, ಸಾಗಿಸಬೇಕಾದರೆ ಬೇಕು. ಎಷ್ಟು ಜನಕ್ಕೆ ಗೊತ್ತು ಇದು? ಯಾವ ಗ್ರಾಮಸಭೆಯಲ್ಲಿ ಹೇಳಿದ್ದಾರೆ? ನಾವು ಮಾಧ್ಯಮದವರೂ ಆ ಫೆಬ್ರವರಿಯಲ್ಲಿ ಬೇರೇನೋ ಚರ್ಚೆಯಲ್ಲಿದ್ದೆವು ಬಿಡಿ.

ಇದರರ್ಥ ನಾಳೆಯೇ ಎಲ್ಲರೂ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿ ಶಿರಸಿ ಬಸ್ ಸ್ಟ್ಯಾಂಡಿಗೆ ಬನ್ನಿ ಅಂತಲ್ಲ! ನಿಮ್ಮದು ಕ್ಯೂರಿಯೊ ಹೌದೋ ಅಲ್ಲವೋ ಅಂತ ನೀವೇ ತೀರ್ಪು ಕೊಟ್ಟುಕೊಂಡು ಕೂರಬೇಡಿ. ಫೋಟೋ ಲಗತ್ತಿಸಿ ಜಿಲ್ಲಾಧಿಕಾರಿ ಕಚೇರಿಗೆ ಲಿಖಿತವಾಗಿ ಕೇಳಿ, ಒಬ್ಬ ವಕೀಲರನ್ನೂ ಕೇಳಿ. ವಸ್ತುವನ್ನು ಚೀಲಕ್ಕೆ ಹಾಕಿಕೊಂಡು ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಡಿ, ಅದೇ ಸಾಗಣೆ ಆಗುತ್ತೆ. ಬ್ರಿಟನ್ನಿನಲ್ಲಿ 1968ರ ಕಾಯ್ದೆ ಪ್ರಕಾರ ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡ ಪುರಾತನ ಕೋವಿಗೆ ಲೈಸೆನ್ಸ್ ಬೇಡ. ಅಮೆರಿಕದಲ್ಲಿ 1898ರವರೆಗೆ ತಯಾರಾದದ್ದು ಆಂಟಿಕ್. ಒಂದು ಇಸವಿ, ಒಂದು ಗೆರೆ, ಮುಗೀತು. ಅದಕ್ಕೇ ಅಲ್ಲಿ ಸಂಗ್ರಾಹಕರಿದ್ದಾರೆ, ಸಂಘಗಳಿವೆ, ಪುಸ್ತಕಗಳಿವೆ. ನಮಗೂ ಜಿಲ್ಲಾ ಮಟ್ಟದಲ್ಲಿ ಅಷ್ಟೇ ಸರಳವಾಗಿ ಹೇಳುವ ಒಂದು ಕನ್ನಡ ಸುತ್ತೋಲೆ ಬೇಕು. ವರ್ಷಕ್ಕೆ ಒಂದು ದಿನ ಪುರಾತತ್ವದವರು ತಾಲೂಕಿಗೆ ಬಂದು, ಮನೆಗೇ ಹೋಗಿ, ಕೇಸಿನ ಹೆದರಿಕೆ ಇಲ್ಲದೆ ಫೋಟೋ ತೆಗೆದು ದಾಖಲಿಸಿದರೆ ಸಾಕು. ದೊಡ್ಡ ಬಜೆಟ್ ಕೇಳ್ತಿಲ್ಲ.

ಯಾಕೆ ಇಷ್ಟು ಅವಸರ ಅಂದರೆ, ಭಯ ಇರುವ ಕಡೆ ದಲ್ಲಾಳಿ ಹುಟ್ಟುತ್ತಾನೆ. ಹಳೇ ಸಾಮಾನು ಕೊಳ್ಳುತ್ತೇವೆ ಅಂತ ಬರುವವನು ಮೊದಲು ಹೆದರಿಸ್ತಾನೆ, ಆಮೇಲೆ ಸಾವಿರ ರೂಪಾಯಿ ಕೊಡ್ತಾನೆ. ನೂರು ವರ್ಷ ದಾಟಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವುದನ್ನು 1972ರ ಕಾಯ್ದೆ ನಿಷೇಧಿಸಿದೆ. ಮಾರಿದ ಮೇಲೆ ಅದು ಯಾವ ಬಂದರು ದಾಟಿತು ಅಂತ ನಿಮಗೆ ಯಾರೂ ಬಂದು ಹೇಳೋದಿಲ್ಲ.

ಉಲ್ಟಾ ಮೋಸವೂ ಇದೆ. ಅಲಂಕಾರಕ್ಕೆ ಅಂತ ನಮ್ಮ ದೇಶದಲ್ಲೇ ಮಾಡಿದ, ಹಿತ್ತಾಳೆ ಹೂಬಳ್ಳಿ ಕೂರಿಸಿದ ಚಕಮಕಿ ಪಿಸ್ತೂಲುಗಳು ಪ್ರವಾಸಿ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಮೇಲೆ 'ಟವರ್' ಅಂತ ಮುದ್ರೆ, ಒಂದು ಕಿರೀಟ. ಲಂಡನ್ ಟವರಿನ ಅಸಲಿ ಮಾಲು ಅಂತ ಇಪ್ಪತ್ತು ಸಾವಿರಕ್ಕೆ ತಲೆಗೆ ಕಟ್ಟಿದರೆ ಬೇಸ್ತು ಬೀಳಬೇಡಿ. ಸ್ಕ್ರೂ ನೋಡಿ. ಕೂಡಿಸು ಚಿಹ್ನೆಯ ಗಾಡಿ ಇದ್ದರೆ ಅದು ಇಪ್ಪತ್ತನೇ ಶತಮಾನದ ಸ್ಕ್ರೂ. ಚಿತ್ತಾರ ಉಳಿಯಿಂದ ಕೆತ್ತಿದ್ದೋ ಅಚ್ಚಿನಲ್ಲಿ ಎರಕ ಹೊಯ್ದಿದ್ದೋ ಭೂತಗನ್ನಡಿ ಹಿಡಿದು ನೋಡಿ. ಎರಕದ್ದಾದರೆ ಅಂಚು ಮೊಂಡಾಗಿರುತ್ತೆ. ಕಿವಿಯ ತೂತು ನಳಿಗೆಯ ಒಳಕ್ಕೆ ಹೋಗದೆ ಮಧ್ಯದಲ್ಲೇ ನಿಂತಿದ್ದರೆ ಅದು ಎಂದೂ ಸಿಡಿಯಲಿಲ್ಲ, ಸಿಡಿಯಬೇಕು ಅಂತ ಹುಟ್ಟಲೂ ಇಲ್ಲ.

ಅಸಲಿ ಕಂಪನಿ ಪಿಸ್ತೂಲಿಗೆ ಬೇರೆ ಗುರುತು. 18ನೇ ಶತಮಾನದ್ದಾದರೆ ಯಂತ್ರದ ತಗಡಿನ ಮೇಲೆ ಒಂದು ಹೃದಯದ ಆಕಾರ, ಒಳಗೆ ನಾಲ್ಕು ಮನೆ, ನಾಲ್ಕು ಅಕ್ಷರ: ವಿ, ಇ, ಐ, ಸಿ. ಆ 'ವಿ' ನಿಜವಾಗಿ 'ಯು', ಯುನೈಟೆಡ್ ಈಸ್ಟ್ ಇಂಡಿಯಾ ಕಂಪನಿ. ಮೂಟೆಗಳ ಮೇಲೆ ಹೊಡೆಯುತ್ತಿದ್ದ ಅದೇ ವ್ಯಾಪಾರದ ಮುದ್ರೆ! ಮೆಣಸಿನ ಮೂಟೆಗೂ ಅದೇ, ಮನುಷ್ಯನನ್ನು ಕೊಲ್ಲುವ ಸಾಧನಕ್ಕೂ ಅದೇ. 19ನೇ ಶತಮಾನ ಶುರುವಾಗಿ ಹತ್ತು ವರ್ಷದೊಳಗೆ ಆ ಹೃದಯ ಹೋಗಿ ಕಿರೀಟ ಹಿಡಿದು ನಿಂತ ಸಿಂಹ ಬಂತು. ವ್ಯಾಪಾರಿ ದೊರೆಯಾದ ಅನ್ನೋದನ್ನು ಇತಿಹಾಸದ ಪುಸ್ತಕ ಇನ್ನೂರು ಪುಟದಲ್ಲಿ ಹೇಳುತ್ತೆ, ಆ ತಗಡು ಒಂದು ಇಂಚಿನಲ್ಲಿ ಹೇಳಿದೆ.

ಅದಕ್ಕೇ ಕೈಮುಗಿದು ಕೇಳ್ತೀನಿ, ಆಯುಧಪೂಜೆಗೆ ಅಂತ ಹಳೇ ಪಿಸ್ತೂಲನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ಮರಳು ಕಾಗದ ಹಾಕಬೇಡಿ. ಹೊಳೆಯುತ್ತೆ ನಿಜ, ಜೊತೆಗೆ ಹೃದಯವೂ ಹೋಗುತ್ತೆ, ಸಿಂಹವೂ ಹೋಗುತ್ತೆ. ಮೆತ್ತಗಿನ ಬಟ್ಟೆ, ಎರಡು ಹನಿ ತೆಳು ಮೆಷಿನ್ ಎಣ್ಣೆ, ಅಷ್ಟು ಸಾಕು. ಮರಕ್ಕೆ ವಾರ್ನಿಷ್ ಬೇಡ. ಹಿಡಿಯ ಮೇಲೆ ಕೊರೆದ ಸಣ್ಣ ಗೀರು, ನಂಬರು, ಹೆಸರಿನ ಮೊದಲ ಅಕ್ಷರ ಏನೇ ಇದ್ದರೂ ಫೋಟೋ ತೆಗೆದಿಡಿ. ಜೊತೆಗೆ ಮನೆಯ ಹಿರಿಯರನ್ನು ಕೂರಿಸಿ, ಇದು ಯಾರ ಕೈಯಿಂದ ಬಂತು, ಯಾವ ಊರಿಂದ ಬಂತು ಅಂತ ಫೋನಲ್ಲಿ ರೆಕಾರ್ಡ್ ಮಾಡಿ. ಊರು, ಕೈ ಗೊತ್ತಿಲ್ಲದ ಪಿಸ್ತೂಲು ಬರೀ ಕಬ್ಬಿಣ.

ಇನ್ನೊಂದೇ ವಿಷಯ, ಇದು ಜೀವದ ಪ್ರಶ್ನೆ. ಹಳೇ ಕೋವಿ ಖಾಲಿ ಇರುತ್ತೆ ಅಂತ ನಂಬಬೇಡಿ. ಹಂದಿ ಬರಬಹುದು ಅಂತ ಮದ್ದು ಗಿಡಿದು ಗೂಟಕ್ಕೆ ತೂಗುಹಾಕಿ ಮರೆತುಬಿಡುವುದು ಯಾವ ಕಾಲಕ್ಕೂ ಇದ್ದದ್ದೇ. ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಒಣಗಿದ್ದರೆ ಅದಕ್ಕೆ ವಯಸ್ಸಾಗೋದಿಲ್ಲ. 2018ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಹಾಳು ಬಾವಿಯ ಮಣ್ಣು ತೆಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವಲ್ಲ, ಆ ಕೊಳವೆಗಳ ಒಳಗೆ ಮದ್ದು ಹಾಗೇ ಇತ್ತು. ಹಾಗಾಗಿ ಕುದುರೆ ಎಳೆದು ನೋಡುವ ಚಪಲ ಬೇಡ. ಮಕ್ಕಳ ಕೈಗೆ ಕೊಟ್ಟು ಸೆಲ್ಫಿ ಬೇಡ. ದೀಪ, ಊದುಬತ್ತಿ ಹತ್ತಿರ ಬೇಡ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದ ಹಾಗೆ ಮಲಗಿಸಿ, ಪಕ್ಕದಲ್ಲಿ ನಿಂತು, ಒಂದು ತೆಳ್ಳಗಿನ ಬಿದಿರ ಕಡ್ಡಿಯನ್ನು ನಿಧಾನ ಒಳಗೆ ಬಿಡಿ. ಕುಟ್ಟಬೇಡಿ, ತಾಗಿದಲ್ಲಿಗೆ ನಿಲ್ಲಿಸಿ. ಎಷ್ಟು ಹೋಯಿತು ಅಂತ ಕಡ್ಡಿಯ ಮೇಲೆ ಗುರುತು ಹಾಕಿ ಹೊರತೆಗೆದು ನಳಿಗೆಯ ಪಕ್ಕ ಹಿಡಿಯಿರಿ. ಕಡ್ಡಿ ಕಿವಿಯ ತೂತಿನವರೆಗೆ ಬಂದರೆ ಖಾಲಿ. ಒಂದೆರಡು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಆಗ ಅಲ್ಲೇ ಬಿಟ್ಟು, ಕೋಣೆಯ ಬಾಗಿಲು ಹಾಕಿ, ಠಾಣೆಗೆ ಫೋನ್ ಮಾಡಿ.